ಉಂಗುರ ಬೀಳದ ತಟ್ಟೆ

ಹನ್ನೊಂದು ವರ್ಷ ಕಳೆದಿದೆ. ಆದರೂ ಆ ಕಾಗದದ ಮಾತು ಬಂದರೆ ಕುಕ್ಕರ್‌ನ ಕಿವಿ ಇವತ್ತಿಗೂ ಕೆಂಪಗಾಗುತ್ತದೆ. ಬಿಳಿ ಹಾಳೆ, ಮೇಲೆ ದಿನಾಂಕ, ಕೆಳಗೆ ಅವನ ಸಹಿ. ನಡುವೆ ನಾಲ್ಕು ಸಾಲು: ಔಷಧದ ಡಿಸ್ಕ್‌ಗಳ ಸೀಸೆಯನ್ನು ನಾನು ಫ್ರಿಜ್ಜಿನಿಂದ ಹೊರಗೆ ಬಿಟ್ಟಿದ್ದೆ. ಅದರಿಂದ ಪರೀಕ್ಷೆ ಕೆಟ್ಟಿದೆ. ತಪ್ಪು ನನ್ನದು. ಇನ್ನೊಮ್ಮೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಬರೆದವನು ಗುಮಾಸ್ತ, ಹೇಳಿ ಬರೆಸಿದವರು ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆ ಮೇಡಂ, ಸಹಿ ಹಾಕಿದವನು ಇವನು. ಆ ನಾಲ್ಕು ಸಾಲಿನಲ್ಲಿ ಮೊದಲನೆಯದು ಹಸಿ ಸುಳ್ಳು. ಸುಳ್ಳೆಂದು ಎರಡೇ ದಿನದಲ್ಲಿ ಮೇಡಂಗೂ ಗೊತ್ತಾಯಿತು. ಆದರೂ ಆ ಹಾಳೆಯನ್ನು ಅವರು ಹರಿಯಲಿಲ್ಲ, ಒಂದು ಮಾತು ಬಾಯಿಬಿಟ್ಟು ಹೇಳಲೂ ಇಲ್ಲ. ಅದು ಇನ್ನೂ ಅವನ ಫೈಲಿನಲ್ಲಿ ತೂತು ಹೊಡೆಸಿಕೊಂಡು ಕೂತಿದೆ.

ಕುಕ್ಕರ್ ಅಂದರೆ ಹಲ್ಲಿನ ಆಸ್ಪತ್ರೆಯ ಮೂರನೇ ಮಹಡಿಯ ಲ್ಯಾಬಿನಲ್ಲಿ ಗಾಜು ತೊಳೆಯುವವನು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಂಟು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಸೊಂಟದೆತ್ತರದ ಸ್ಟೀಲಿನ ಆಟೋಕ್ಲೇವ್ ನಿಂತಿದೆ. ಮುಚ್ಚಳಕ್ಕೆ ಆರು ತಿರುಪು, ನೆತ್ತಿಯ ಮೇಲೆ ಒತ್ತಡ ತೋರಿಸುವ ಮುಳ್ಳು. ಬಳಸಿದ ತಟ್ಟೆ, ನಳಿಕೆ, ಕ್ರಿಮಿ ಹತ್ತಿದ ಹತ್ತಿ ಎಲ್ಲವೂ ಅದರ ಹೊಟ್ಟೆಯೊಳಗೆ ಹೋಗಿ, ಉಗಿಯಲ್ಲಿ ಬೆಂದು, ಸತ್ತು ಹೊರಬರಬೇಕು. ಅದನ್ನು ಉರಿಸುವವನಿಗೆ ಕುಕ್ಕರ್ ಎಂದು ಹೆಸರಿಟ್ಟವರು ಯಾವುದೋ ಕಾಲದ ವಿದ್ಯಾರ್ಥಿಗಳು. ಹೆಸರು ಅಂಟಿಕೊಂಡದ್ದು ಮಾತ್ರ ಯಂತ್ರದಿಂದಲ್ಲ, ಅವನ ಸಿಟ್ಟಿನಿಂದ. ಮೂರನೇ ಕೂಗಿಗೆ ಇಳಿಸಬೇಕು, ಇಲ್ಲದಿದ್ದರೆ ಮುಚ್ಚಳ ಸೂರಿಗೆ ಹೊಡೆಯುತ್ತದೆ ಎಂದು ಅವನ ಎದುರಿಗೇ ನಗುತ್ತಿದ್ದರು. ಅವನು ವಾಚಾಮಗೋಚರ ಬಯ್ಯುತ್ತಿದ್ದ. ಬೈದು ಮುಗಿಸಿ ಅವರದೇ ತಟ್ಟೆಗಳನ್ನು ಕನ್ನಡಿಯ ಹಾಗೆ ತೊಳೆದಿಡುತ್ತಿದ್ದ.

ಸಿಟ್ಟು ಹುಟ್ಟಿನಿಂದ ಬಂದದ್ದು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರೆದುರು ಏನೋ ಅಂದರೆಂದು ಸ್ಲೇಟನ್ನು ನೆಲಕ್ಕಪ್ಪಳಿಸಿ ಮನೆಗೆ ಬಂದವನು ಮತ್ತೆ ಆ ದಿಕ್ಕಿಗೆ ತಲೆ ಹಾಕಿ ಮಲಗಲಿಲ್ಲ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಇದ್ದವರು ಅವನಿಗಿಂತ ಹದಿನೇಳು ವರ್ಷಕ್ಕೆ ದೊಡ್ಡವನಾದ ಅಣ್ಣ, ಮತ್ತು ಅತ್ತಿಗೆ. ಅತ್ತಿಗೆ ಆ ಮನೆಗೆ ಬಂದಾಗ ಇವನಿಗೆ ಏಳು ವರ್ಷ. ಬಂದ ಮೊದಲ ವಾರವೇ ಇವನು ಅವಳ ಕೈ ಕಚ್ಚಿದ್ದ. ಅವಳು ಹೊಡೆಯಲಿಲ್ಲ. ಹಲ್ಲು ಗಟ್ಟಿ ಇದೆ, ಒಳ್ಳೆಯದೇ, ಎಂದು ನಕ್ಕಳಂತೆ. ಮೀಸೆ ಬರುವವರೆಗೂ ಅವನ ತಲೆಗೆ ನೀರು ಹಾಕಿದವಳು ಅವಳು. ಜ್ವರ ಬಂದರೆ ಕೂತು ಬೆಳಗು ಮಾಡಿದವಳು ಅವಳು. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಆಸ್ಪತ್ರೆಯ ಮೇಲಧಿಕಾರಿಯ ಹೆಂಡತಿ ಅವಳ ಹತ್ತಿರ ಹೊಲಿಸುತ್ತಿದ್ದರು. ಅವರನ್ನು ಬಾಯಿಬಿಟ್ಟು ಕೇಳಿ ಕುಕ್ಕರ್‌ಗೆ ಕೆಲಸ ಕೊಡಿಸಿದವಳೂ ಅವಳೇ. ಮದುವೆಯಾದ ಮೇಲೆ ಅವನು ಬೇರೆ ಮನೆ ಮಾಡಿದ.

ಲ್ಯಾಬಿನ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಬೇರಿಗೆ ಸೋಂಕು ಹತ್ತಿದ ಹಲ್ಲಿನವರು ಕೆಳಗಿನ ಮಹಡಿಯ ಕುರ್ಚಿಯಲ್ಲಿ ಬಾಯಿ ತೆರೆದು ಮಲಗುತ್ತಾರೆ. ಡಾಕ್ಟರು ಹಲ್ಲಿನ ನೆತ್ತಿ ಕೊರೆದು, ಬೇರಿನೊಳಗಿನ ಎಳೆಯಂಥ ಕೊಳವೆಗೆ ಸೂಜಿಯಷ್ಟು ಸಣ್ಣ ಕಾಗದದ ಕಡ್ಡಿ ಇಳಿಸಿ, ಅರವತ್ತು ಎಣಿಸಿ ತೆಗೆಯುತ್ತಾರೆ. ಆ ಕಡ್ಡಿ ಪುಟ್ಟ ಸೀಸೆಗೆ ಬಿದ್ದು, ಮೈಮೇಲೆ ನಂಬರು ಅಂಟಿಸಿಕೊಂಡು ಮೂರನೇ ಮಹಡಿಗೆ ಬರುತ್ತದೆ. ಅಲ್ಲಿ ರಕ್ತ ಬೆರೆಸಿದ ಕೆಂಪು ಜೆಲ್ಲಿಯ ತಟ್ಟೆಯಲ್ಲಿ ಎರಡು ದಿನ ಕ್ರಿಮಿಗಳನ್ನು ಬೆಳೆಸುತ್ತಾರೆ. ಬೆಳೆದದ್ದನ್ನು ಇನ್ನೊಂದು ತಟ್ಟೆಗೆ, ಗೋಡೆಗೆ ಸುಣ್ಣ ಬಳಿದ ಹಾಗೆ ಎಲ್ಲೂ ಸಂದು ಬಿಡದೆ ಬಳಿದು, ಮೇಲೆ ಔಷಧ ಹೀರಿಸಿದ ಕಾಗದದ ಡಿಸ್ಕ್‌ಗಳನ್ನು ಚಿಮಟದಿಂದ ಇಡುತ್ತಾರೆ. ಒಂದೊಂದೂ ಅಂಗಿ ಗುಂಡಿಗಿಂತ ಚಿಕ್ಕದು, ಒಂದೊಂದರಲ್ಲೂ ಒಂದೊಂದು ಔಷಧ. ಮಾರನೆಯ ಬೆಳಿಗ್ಗೆ ನೋಡಿದರೆ, ಔಷಧ ಕೆಲಸ ಮಾಡಿದ ಕಡೆ ಡಿಸ್ಕಿನ ಸುತ್ತ ಏನೂ ಬೆಳೆಯದೆ ಒಂದು ಬಯಲು ಬಿದ್ದಿರುತ್ತದೆ, ಉಂಗುರದ ಹಾಗೆ. ಉಂಗುರ ಬೀಳಲಿಲ್ಲವೆಂದರೆ ಆ ಔಷಧಕ್ಕೆ ಆ ಕ್ರಿಮಿ ಹೆದರುವುದಿಲ್ಲ.

ಕುಕ್ಕರ್ ತೊಳೆಯುವವನೇ ಆದರೂ ಇಪ್ಪತ್ತು ವರ್ಷದಲ್ಲಿ ಇದೆಲ್ಲ ಅವನ ಕೈಗೆ ಹತ್ತಿತ್ತು. ಆ ವರ್ಷ ಬೇರಿನ ಸೋಂಕಿನ ಮೇಲೆ ಪ್ರಬಂಧ ಬರೆಯುತ್ತಿದ್ದ ಒಬ್ಬ ಹುಡುಗಿ ಡಾಕ್ಟರು ಇದ್ದರು. ಅವನು ಅವರನ್ನು ಸಣ್ಣ ಡಾಕ್ಟರು ಎಂದು ಕರೆಯುತ್ತಿದ್ದ. ಅವರು ಅವನನ್ನು ಅಣ್ಣ ಎನ್ನುತ್ತಿದ್ದರು, ಡಿಸ್ಕ್ ಇಡಲು ಅವನ ಕೈಗೇ ಚಿಮಟ ಕೊಡುತ್ತಿದ್ದರು. ಅವನಿಗೊಂದು ಅಭ್ಯಾಸವಿತ್ತು. ಡಿಸ್ಕಿನ ಹೊಸ ಸೀಸೆ ಒಡೆದಾಗಲೆಲ್ಲ, ಕರೆಂಟು ಹೋಗಿ ಬಂದಾಗಲೆಲ್ಲ, ಎಲ್ಲ ಔಷಧಕ್ಕೂ ಬಗ್ಗುವ ಒಂದು ಸಾಧು ಕ್ರಿಮಿಯನ್ನು ಬೇರೊಂದು ತಟ್ಟೆಗೆ ಬಳಿದು ಅದೇ ಡಿಸ್ಕ್‌ಗಳನ್ನು ಅದರ ಮೇಲೂ ಇಡುವುದು. ಅಲ್ಲಿ ಉಂಗುರ ಬಿದ್ದರೆ ಡಿಸ್ಕ್ ಸರಿ ಇದೆ ಎಂದು ಖಾತ್ರಿ. ವಾರಕ್ಕೊಮ್ಮೆ ಹಾಗೆ ಮಾಡಬೇಕೆಂದು ಗೋಡೆಯ ಮೇಲೆ ಬರೆದೇ ಇತ್ತು, ಆದರೆ ಜೆಲ್ಲಿ ದುಬಾರಿ ಎಂದು ಮೇಡಂ ಅದನ್ನು ನಿಲ್ಲಿಸಿದ್ದರು. ಇವನು ಪಾತ್ರೆಯ ತಳದಲ್ಲಿ ಉಳಿದ ಜೆಲ್ಲಿಯಲ್ಲಿ ಕದ್ದು ಮಾಡುತ್ತಿದ್ದ. ಅದಕ್ಕೆ ಸಾಕ್ಷಿ ತಟ್ಟೆ ಎಂದು ತಾನೇ ಹೆಸರಿಟ್ಟಿದ್ದ. ಈ ವಿಷಯ ಸಣ್ಣ ಡಾಕ್ಟರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮನೆಯ ಕಡೆ ಅವನಿಗೆ ಇನ್ನೊಂದು ದೊಡ್ಡಸ್ತಿಕೆ ಇತ್ತು. ನೆಂಟರಿಷ್ಟರಿಗೆಲ್ಲ ಅವನು ಅರ್ಧ ಡಾಕ್ಟರು. ಔಷಧ ಕಂಪನಿಯವರು ಕೊಟ್ಟುಹೋದ ಸ್ಯಾಂಪಲ್ ಕ್ಯಾಪ್ಸೂಲುಗಳು ಆಸ್ಪತ್ರೆಯ ಡ್ರಾಯರಿನಲ್ಲಿ ಬಿದ್ದಿರುತ್ತಿದ್ದವು. ಒಂದೊಂದು ಪಟ್ಟಿ ಅವನ ಜೇಬಿಗೆ ಇಳಿಯುತ್ತಿತ್ತು. ಅತ್ತಿಗೆಗೆ ಕೆಳಗಿನ ದವಡೆಯ ಎಡಗಡೆಯ ಹಲ್ಲು ನೋಯಲು ಶುರುವಾಗಿ ಎರಡು ವರ್ಷವಾಗಿತ್ತು. ದಾರ ಕಡಿಯುವುದನ್ನು ಎಡಗಡೆಯಿಂದ ಬಲಗಡೆಗೆ ಬದಲಾಯಿಸಿಕೊಂಡಿದ್ದಳು. ಆಸ್ಪತ್ರೆಗೆ ಬರಲೇ ಎಂದು ಅವಳು ಕೇಳಿದಾಗ ಬೇಡವೆಂದವನು ಇವನೇ. ಆ ಹುಡುಗರು ನಿನ್ನ ಹಲ್ಲಿನ ಮೇಲೆ ಕೈ ಪಳಗಿಸ್ತಾರೆ, ಅರ್ಧ ದಿನ ಸಾಲಿನಲ್ಲಿ ನಿಲ್ಲಿಸ್ತಾರೆ, ನಾನಿಲ್ವಾ, ಎಂದಿದ್ದ. ನಾಲ್ಕು ಕ್ಯಾಪ್ಸೂಲು ಕೊಡುತ್ತಿದ್ದ. ಎರಡು ನುಂಗುವಷ್ಟರಲ್ಲಿ ಊತ ಇಳಿಯುತ್ತಿತ್ತು. ಇಳಿದ ಮೇಲೆ ಯಾಕೆ ಸುಮ್ಮನೆ ಎಂದು ಉಳಿದ ಎರಡನ್ನು ಅವಳು ಗುಂಡಿ ಡಬ್ಬಿಯಲ್ಲಿ ಎತ್ತಿಡುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಊತ ಮತ್ತೆ ಬರುತ್ತಿತ್ತು, ಕ್ಯಾಪ್ಸೂಲು ಮತ್ತೆ ಹೋಗುತ್ತಿತ್ತು. ಬರುಬರುತ್ತಾ ಎರಡಕ್ಕೆ ಇಳಿಯುತ್ತಿದ್ದದ್ದು ನಾಲ್ಕಕ್ಕೆ ಇಳಿಯತೊಡಗಿತು. ಅದು ಇಬ್ಬರ ಲಕ್ಷ್ಯಕ್ಕೂ ಬರಲಿಲ್ಲ.

ಕೊನೆಯ ಸಲ ನಾಲ್ಕಕ್ಕೂ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಅತ್ತಿಗೆಯ ಎಡಕೆನ್ನೆ ಹೊಳೆಯುವಷ್ಟು ಬಿಗಿದುಕೊಂಡಿತ್ತು. ಅಣ್ಣ ಮಾತು ಕಡಿಮೆಯ ಮನುಷ್ಯ, ಬಸ್ಸು ರಿಪೇರಿಯ ವರ್ಕ್‌ಶಾಪಿನಲ್ಲಿ ಕೆಲಸ. ಅವನು ತಮ್ಮನ ಮುಖ ನೋಡಿದ, ಅಷ್ಟೆ. ಕುಕ್ಕರ್ ಅತ್ತಿಗೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದ, ಸಾಲು ತಪ್ಪಿಸಿ ಸಣ್ಣ ಡಾಕ್ಟರ ಕುರ್ಚಿಗೇ ಕೂರಿಸಿದ.

ಸಣ್ಣ ಡಾಕ್ಟರು ಹಲ್ಲು ಕೊರೆದರು. ಕೀವು ಉಕ್ಕಿ ಬಂತು. ಕಾಗದದ ಕಡ್ಡಿ ಇಳಿಸಿ ತೆಗೆದು ಸೀಸೆಗೆ ಹಾಕಿದರು, ನಂಬರು ನಲವತ್ತೇಳು. ಆಮೇಲೆ ಬರೆಯುತ್ತಾ ಕೇಳಿದರು: “ಅಮ್ಮಾ, ಇದಕ್ಕೆ ಮುಂಚೆ ಏನಾದ್ರೂ ಮಾತ್ರೆ ತಗೊಂಡಿದ್ರಾ?”

ಅತ್ತಿಗೆ ಮೈದುನನ ಕಡೆ ನೋಡಿದಳು. ಆಸ್ಪತ್ರೆಯ ಔಷಧ ಹೊರಗೆ ಹೋಗಿದೆ ಎಂದರೆ ಅವನ ಕೆಲಸಕ್ಕೆ ಕುತ್ತು ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ.

“ಇಲ್ಲಮ್ಮ. ಉಪ್ಪು ನೀರು ಮುಕ್ಕಳಿಸ್ತಿದ್ದೆ, ಅಷ್ಟೇ.”

ಕುಕ್ಕರ್ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದ. ಸಣ್ಣ ಡಾಕ್ಟರು ಹಾಗಾದರೆ ಮೊದಲ ಔಷಧವೇ ಸಾಕು ಎಂದುಕೊಂಡು ಮಾಮೂಲಿ ಕ್ಯಾಪ್ಸೂಲನ್ನೇ ಬರೆದುಕೊಟ್ಟರು. ಯಾವುದನ್ನು ಅವಳು ಎರಡು ವರ್ಷ ನುಂಗಿದ್ದಳೋ ಅದನ್ನೇ.

ಬುಧವಾರಕ್ಕೆ ನಲವತ್ತೇಳರ ತಟ್ಟೆಯಲ್ಲಿ ಬೆಳೆ ಬಂತು. ಅವತ್ತೇ ಬೆಳಿಗ್ಗೆ ಮೂರು ತಾಸು ಕರೆಂಟು ಹೋಯಿತು. ಡಿಸ್ಕ್ ಬಿಸಿಗೆ ಸಾಯುತ್ತದೆ ಎಂಬುದು ಕುಕ್ಕರ್‌ಗೆ ಗೊತ್ತು. ಕೆಳಗಿನ ಮಹಡಿಯಿಂದ ಐಸು ತಂದು, ಡಬ್ಬಿಗೆ ಸುರಿದು, ಸೀಸೆಗಳನ್ನು ಅದರಲ್ಲಿ ಹೂತಿಟ್ಟ. ಆಗ ಲ್ಯಾಬಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಧ್ಯಾಹ್ನ ಸಣ್ಣ ಡಾಕ್ಟರು ನಲವತ್ತೇಳನ್ನು ಬಳಿದುಕೊಟ್ಟರು, ಇವನು ಐದು ಡಿಸ್ಕ್ ಇಟ್ಟ. ಅವರು ಹೋದ ಮೇಲೆ ಸಾಕ್ಷಿ ತಟ್ಟೆಯನ್ನೂ ಮಾಡಿ ಪಕ್ಕದಲ್ಲಿಟ್ಟ. ಎರಡನ್ನೂ ಇಟ್ಟ ಪೆಟ್ಟಿಗೆ ಮನುಷ್ಯನ ಮೈಯಷ್ಟೇ ಬೆಚ್ಚಗಿರುತ್ತದೆ. ಬಾಗಿಲು ಹಾಕಿದ ಮೇಲೆ ಒಳಗೊಂದು ಸಣ್ಣ ಗುಂಯ್ ಸದ್ದು. ಇಪ್ಪತ್ತು ವರ್ಷ ಕೇಳಿದ ಸದ್ದೇ. ಆದರೆ ಅವತ್ತು ಅವನಿಗೆ ಅದು ಹಿಡಿಸಲಿಲ್ಲ.

ಗುರುವಾರ ಎಂಟೂವರೆಗೆ ಬಂದು ಮೊದಲು ಪೆಟ್ಟಿಗೆಯ ಬಾಗಿಲನ್ನೇ ತೆರೆದ. ನಲವತ್ತೇಳರ ತಟ್ಟೆಯನ್ನು ಬೆಳಕಿಗೆ ಹಿಡಿದ. ಅಂಚಿನಿಂದ ಅಂಚಿಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಐದು ಡಿಸ್ಕ್‌ಗಳು ಹುಲ್ಲಿನಲ್ಲಿ ಉದುರಿದ ಗುಂಡಿಗಳ ಹಾಗೆ ಅದರೊಳಗೆ ಹೂತಿದ್ದವು. ಒಂದರ ಸುತ್ತಲೂ ಕೂದಲೆಳೆಯಷ್ಟು ಬಯಲಿಲ್ಲ. ಕ್ರಿಮಿಗಳು ಡಿಸ್ಕಿನ ಅಂಚಿಗೆ ಮುಖ ಒತ್ತಿಕೊಂಡು ಬೆಳೆದಿದ್ದವು. ಅವನು ಸಾಕ್ಷಿ ತಟ್ಟೆ ತೆಗೆದ. ಅದರಲ್ಲಿ ಐದಕ್ಕೆ ಐದೂ ಉಂಗುರ, ಗೆರೆ ಎಳೆದ ಹಾಗೆ. ಸ್ಕೇಲಿಟ್ಟು ಅಳೆದ. ಯಾವುದೂ ಕಡಿಮೆಯಿಲ್ಲ.

ಡಿಸ್ಕ್ ಸರಿ ಇದೆ. ಹಾಗಾದರೆ ಕೆಟ್ಟಿರುವುದು ಕ್ರಿಮಿ. ಅದು ಇರುವುದು ಅತ್ತಿಗೆಯ ದವಡೆಯಲ್ಲಿ. ಸಣ್ಣ ಡಾಕ್ಟರು ಬಂದ ಕೂಡಲೇ ಎರಡೂ ತಟ್ಟೆ ಮುಂದಿಡಬೇಕು ಎಂದುಕೊಂಡು ಸಾಕ್ಷಿ ತಟ್ಟೆಯನ್ನು ಹಿಂದಿನ ಕೋಣೆಯ ಕಟ್ಟೆಯ ಮೇಲೆ ಜೋಪಾನ ಮಾಡಿದ.

ಆದರೆ ಅವರಿಗೆ ಅವತ್ತು ಮಧ್ಯಾಹ್ನದವರೆಗೆ ಪಾಠವಿತ್ತು. ಮೊದಲು ಬಂದವರು ಮೇಡಂ, ಹಿಂದೆ ಎಂಟು ಜನ ವಿದ್ಯಾರ್ಥಿಗಳು. ನಲವತ್ತೇಳನ್ನು ಕಿಟಕಿಗೆ ಹಿಡಿದು ನೋಡಿ ಮುಖ ಸಿಂಡರಿಸಿದರು. ಒಂದು ಔಷಧ ಸೋತರೆ ನಂಬಬಹುದು, ಐದೂ ಸೋಲುವುದುಂಟೇ ಎಂಬುದು ಅವರ ಲೆಕ್ಕ. ನಿನ್ನೆ ಕರೆಂಟು ಹೋದಾಗ ಸೀಸೆಗಳು ಎಲ್ಲಿದ್ದವು ಎಂದು ಕೇಳಿದರು. ಇಪ್ಪತ್ತು ವರ್ಷ ಬಹುವಚನದಲ್ಲಿ ಮಾತಾಡಿಸಿದವರು ಅವತ್ತು ಏಕವಚನಕ್ಕೆ ಇಳಿದಿದ್ದರು.

“ಹೊರಗೆ ಬಿಟ್ಟಿದ್ದೆ ತಾನೆ?”

“ಇಲ್ಲ ಮೇಡಂ. ಐಸಿನ ಡಬ್ಬಿಯಲ್ಲಿ ಇಟ್ಟಿದ್ದೆ.”

“ಯಾರು ನೋಡಿದ್ರು?”

“ನೋಡೋಕೆ ಇಲ್ಲಿ ಯಾರಿದ್ರು ಮೇಡಂ? ನಾನು, ಆ ಫ್ರಿಜ್ಜು.”

ಯಾರೋ ಕಿಸಕ್ಕೆಂದರು. ಮೇಡಂ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದರು. “ತೊಳೆಯೋ ಕೈಗೆ ಡಿಸ್ಕ್ ಕೊಟ್ಟಿದ್ದೇ ತಪ್ಪು. ನೀವೆಲ್ಲ ಸೇರಿ ಇದನ್ನ ಬಿಸಾಕಿ, ಹೊಸ ಸೀಸೆ ತರಿಸಿ, ಮೊದಲಿಂದ ಮಾಡಿ.” ಅವರು ಬೆನ್ನು ತಿರುಗಿಸಿದ್ದೇ ತಡ, ಸಾಲಿನ ಕೊನೆಯಲ್ಲಿದ್ದ ಒಬ್ಬ ಹುಡುಗ ಹಲ್ಲಿನ ಸಂದಿನಲ್ಲಿ ಸಣ್ಣಗೆ ಸ್ಸ್ಸ್ ಎಂದು ಉಗಿ ಬಿಟ್ಟ. ಎಂಟೂ ಜನ ನಕ್ಕರು.

ಕುಕ್ಕರ್ ಹಿಂದಿನ ಕೋಣೆಗೆ ಬಂದ. ಕಟ್ಟೆಯ ಮೇಲೆ ಸಾಕ್ಷಿ ತಟ್ಟೆ ಇತ್ತು. ಅದನ್ನು ಹಿಡಿದುಕೊಂಡು ಹತ್ತು ಹೆಜ್ಜೆ ನಡೆದು ಮೇಡಂ ಮುಖದ ಮುಂದೆ ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತಟ್ಟೆ ಎತ್ತಿಕೊಂಡದ್ದೂ ಉಂಟು, ಬಾಗಿಲವರೆಗೆ ಹೋದದ್ದೂ ಉಂಟು. ಆಚೆ ಇನ್ನೂ ನಗು ಕೇಳುತ್ತಿತ್ತು. ತೊಳೆಯೋ ಕೈ ತಾನೆ, ತೊಳೀತೀನಿ, ನಿಮ್ಮ ಕರ್ಮ ನೀವೇ ಹುಡುಕಿಕೊಳ್ಳಿ, ಎಂದು ಹಲ್ಲು ಕಡಿದು ಹಿಂದಕ್ಕೆ ತಿರುಗಿ, ತಟ್ಟೆಯನ್ನು ಆಟೋಕ್ಲೇವಿನ ಒಳಕ್ಕೆ ಎಸೆದ. ಮುಚ್ಚಳ ಹಾಕಿ ಆರು ತಿರುಪನ್ನೂ ಕೈ ಕೆಂಪಾಗುವಷ್ಟು ಬಿಗಿದ. ಗುಂಡಿ ಒತ್ತಿದ.

ಅತ್ತಿಗೆಯ ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಬೆಳಿಗ್ಗೆ ಅಣ್ಣನ ಮನೆಗೆ ಹೋಗಿ ಬಂದಿದ್ದ. ಅವಳು ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಿದ್ದಳು, ಊತ ಒಂಚೂರು ಮೆತ್ತಗಾಗಿದೆ ಎಂದಿದ್ದಳು. ಎಷ್ಟು ಸಲ ಬಂದಿಲ್ಲ, ಎಷ್ಟು ಸಲ ಇಳಿದಿಲ್ಲ. ಎರಡು ದಿನದಲ್ಲಿ ಮೇಡಂ ತಾವೇ ಮತ್ತೆ ಮಾಡಿ, ಮತ್ತೆ ಉಂಗುರ ಬೀಳದೆ, ಎಲ್ಲರೆದುರು ತಲೆ ತಗ್ಗಿಸಲಿ. ಎರಡು ದಿನದಲ್ಲಿ ಏನು ಮುಳುಗಿಹೋಗುತ್ತದೆ.

ಹನ್ನೆರಡೂವರೆಗೆ ಸಣ್ಣ ಡಾಕ್ಟರು ಓಡುತ್ತಲೇ ಬಂದರು. ಆಟೋಕ್ಲೇವಿನ ಮುಳ್ಳು ಹದಿನೈದರ ಮೇಲೆ ನಿಂತಿತ್ತು.

“ಅಣ್ಣ, ಸಾಕ್ಷಿ ಇಟ್ಟಿದ್ರಿ ಅಲ್ವಾ? ಕೊಡಿ ಇಲ್ಲಿ. ಅದರಲ್ಲಿ ಉಂಗುರ ಇದ್ರೆ ಮೇಡಂ ಏನೇ ಅನ್ಲಿ, ಇವತ್ತೇ ನಿಮ್ಮ ಅತ್ತಿಗೆಗೆ ಔಷಧಿ ಬದಲಾಯಿಸ್ತೀನಿ. ಸಂಜೆಯೊಳಗೆ ವಾರ್ಡಿಗೆ ಹಾಕಿಸ್ತೀನಿ.”

“ಇಟ್ಟಿಲ್ಲ.”

“ಯಾವತ್ತೂ ಇಡ್ತಿದ್ರಲ್ಲ?”

“ತೊಳೆಯೋನು ನಾನು. ನಂಗ್ಯಾಕೆ ಅದೆಲ್ಲ.”

ಅವನು ನಳಿಕೆ ಉಜ್ಜುತ್ತಲೇ ಇದ್ದ. ಬೆನ್ನ ಹಿಂದೆ ಉಗಿ ಸಣ್ಣಗೆ ಸುಯ್ಯೆನ್ನುತ್ತಿತ್ತು. ಈಗಲಾದರೂ ಇಟ್ಟಿದ್ದೆ, ಬಿದ್ದಿತ್ತು, ಐದೂ ಬಿದ್ದಿತ್ತು, ಎಂದು ಬಾಯಿಬಿಟ್ಟು ಹೇಳಬಹುದಿತ್ತು. ತಟ್ಟೆ ಎಲ್ಲಿ ಎಂದರೆ ಏನು ಹೇಳುವುದು? ಆ ಹುಡುಗಿಯ ಎದುರು ತನ್ನ ಸಿಟ್ಟನ್ನು ಬಿಚ್ಚಿ ತೋರಿಸಲು ಅವನಿಗೆ ನಾಚಿಕೆಯಾಯಿತು. ಅವರು ಹೋಗುವಾಗ, ಊತ ಗದ್ದದ ಕೆಳಗೆ ಇಳಿದರೆ ಕೂಡಲೇ ಕರೆತನ್ನಿ, ಹೊತ್ತು ನೋಡಬೇಡಿ ಎಂದು ಎರಡು ಸಲ ಹೇಳಿದರು. ನಾಲ್ಕು ಗಂಟೆಗೆ ಗುಮಾಸ್ತ ಹಾಳೆ ತಂದ. ಸಹಿ ಹಾಕದಿದ್ದರೆ ನಾಳೆಯಿಂದ ಬರುವುದು ಬೇಡವಂತೆ ಎಂದ. ಎದುರು ಹೇಳಲು ಕೈಯಲ್ಲಿ ಇದ್ದ ಒಂದೇ ಸಾಕ್ಷಿಯನ್ನು ಅವನೇ ಬೇಯಿಸಿದ್ದ. ಸಹಿ ಹಾಕಿದ.

ಸಂಜೆ ಅಣ್ಣನ ಮನೆಗೆ ಹೋದ. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆಯ ಊತ ಇಳಿದಿತ್ತು, ನಿಜ. ಇಳಿದು ಗದ್ದದ ಕೆಳಗೆ ಬಂದು ಕೂತಿತ್ತು. ಮುಟ್ಟಿದರೆ ಹಲಗೆ ಮುಟ್ಟಿದ ಹಾಗೆ. ಮಾತು ಬಾಯಿ ತುಂಬ ಏನೋ ಇಟ್ಟುಕೊಂಡವರ ಮಾತಿನಂತೆ ಬರುತ್ತಿತ್ತು.

“ನನ್ನ ನಾಲಿಗೆ ಉದ್ದ ಅಂತ ನಿಮ್ಮಣ್ಣ ಮೊದಲಿಂದ ಹೇಳ್ತಿದ್ರು. ಈಗ ನೋಡು, ನಿಜವಾಗ್ಲೂ ಬಾಯಲ್ಲಿ ಹಿಡಿಸ್ತಿಲ್ಲ.”

ಅಣ್ಣ ನಕ್ಕ. ಕುಕ್ಕರ್‌ಗೂ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು. ಅವಳ ಜೊಲ್ಲು ತುಟಿಯ ಮೂಲೆಯಿಂದ ಇಳಿಯುತ್ತಿತ್ತು. ನುಂಗಲು ಆಗದೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಈಗಲೇ ಹೊರಡೋಣವೇ ಎಂದು ಅಣ್ಣ ಕೇಳಿದ. ಈಗ ಹೋದರೆ ಸಣ್ಣ ಡಾಕ್ಟರು ಮತ್ತೆ ಆ ತಟ್ಟೆಯ ಮಾತೆತ್ತುತ್ತಾರೆ. ಇವನು ಬೆಳಿಗ್ಗೆ ಹೋದರಾಯಿತು, ರಾತ್ರಿ ಮಲಗಿದರೆ ತಾನೇ ಇಳಿಯುತ್ತೆ ಎಂದ. ಅರ್ಧ ಡಾಕ್ಟರು ಹೇಳಿದ ಮೇಲೆ ಅಣ್ಣ ಯಾಕೆ ಎದುರಾಡುತ್ತಾನೆ. ಮನೆಗೆ ಬಂದಾಗ ಹೆಂಡತಿ, ಯಾಕೆ ಮುಖ ಹೀಗಿದೆ, ಇವತ್ತು ಯಾರ ಮೇಲೆ ಕೂಗು ಹಾಕಿ ಬಂದ್ರಿ, ಎಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬಿಡದೆ ಉರಿಯುತ್ತಿದ್ದದ್ದು ಮೇಡಂ ಮೇಲಿನ ಸಿಟ್ಟು. ಅದರ ಅಡಿಯಲ್ಲಿ ಇನ್ನೇನೋ ಇತ್ತು, ಅದರ ಕಡೆ ಅವನು ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಅಣ್ಣನ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅಣ್ಣನೇ ಆಟೋ ಹಿಡಿದು ಎದುರಾದ. ಅತ್ತಿಗೆ ಒಳಗೆ ಮುಂದಕ್ಕೆ ಬಾಗಿ ಕೂತಿದ್ದಳು, ಕತ್ತು ಚಾಚಿ, ಬಾಯಿ ತೆರೆದು. ಉಸಿರು ಎಳೆಯುವಾಗ ಸಣ್ಣ ಸದ್ದು. ಆಸ್ಪತ್ರೆಯಲ್ಲಿ ಸಣ್ಣ ಡಾಕ್ಟರು ಒಂದೇ ನೋಟಕ್ಕೆ ಸರ್ಜನ್ನರನ್ನು ಕೂಗಿದರು. ಗದ್ದದ ಕೆಳಗೆ ಕೊಯ್ದು ಕೀವು ಬಿಟ್ಟರು. ಗಂಟಲಿಗೆ ತೂತು ಮಾಡಿ ಉಸಿರಿಗೆ ನಳಿಕೆ ಹಾಕಿದರು. ಅಷ್ಟಾದ ಮೇಲೆ ಇಲ್ಲಿ ಆಗುವುದಿಲ್ಲವೆಂದು ಊರಿನಾಚೆಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಸ್ಟ್ರೆಚರಿನ ಮೇಲೆ ಅವಳು ಮೈದುನನ ಕೈ ಹಿಡಿದಿದ್ದಳು. ನಳಿಕೆ ಇದ್ದದ್ದರಿಂದ ಮಾತು ಬರುವಂತಿರಲಿಲ್ಲ. ಕಣ್ಣಿನಲ್ಲಿ ಏನು ಹೇಳಿದಳೋ ಅವನಿಗೆ ಗೊತ್ತಾಗಲಿಲ್ಲ. ಭಯಪಡಬೇಡ ಎಂದು ಹೇಳಿದ ಹಾಗಿತ್ತು.

ಮೇಡಂ ಹೇಳಿದ ಹೊಸ ಸೀಸೆ ಗುರುವಾರವೇ ಬಂದಿತ್ತು. ನಲವತ್ತೇಳರ ಮೊದಲ ತಟ್ಟೆಯಲ್ಲಿ ಉಳಿದಿದ್ದ ಬೆಳೆಯಿಂದ ಹೊಸದಾಗಿ ಬೆಳೆಸಿ ಶುಕ್ರವಾರ ಮಧ್ಯಾಹ್ನ ಡಿಸ್ಕ್ ಇಟ್ಟವರು ಸಣ್ಣ ಡಾಕ್ಟರು. ಐದು ಮಾಮೂಲಿ, ಜೊತೆಗೆ ಇಂಜೆಕ್ಷನ್ನಿನ ದುಬಾರಿ ಔಷಧದ್ದು ಎರಡು. ಶನಿವಾರ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಮೇಡಂ, ಸಣ್ಣ ಡಾಕ್ಟರು, ಕುಕ್ಕರ್ ಮೂವರೂ ನಿಂತಿದ್ದರು. ಐದು ಡಿಸ್ಕಿನ ಸುತ್ತ ಅದೇ ಬೂದು ಪೊರೆ, ಅಂಚಿಗೆ ಮುಖ ಒತ್ತಿಕೊಂಡು. ಆರನೆಯದಕ್ಕೂ ಇಲ್ಲ. ಏಳನೆಯದರ ಸುತ್ತ ಮಾತ್ರ ಅಗಲವಾದ ಬಯಲು.

ಸಣ್ಣ ಡಾಕ್ಟರು ಫೋನಿಗೆ ಓಡಿದರು. ಮೇಡಂ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಳಗಿಟ್ಟು, ಕನ್ನಡಕ ಒರೆಸಿಕೊಂಡರು. ಸರಿ, ಇನ್ನು ಮುಂದೆ ಜಾಗ್ರತೆ, ಎಂದು ಯಾರಿಗೆ ಹೇಳಿದರೋ ತಿಳಿಯದ ಹಾಗೆ ಹೇಳಿ ಹೊರಟರು.

ಫೋನು ಮುಗಿಸಿ ಬಂದ ಸಣ್ಣ ಡಾಕ್ಟರು ಬಾಗಿಲಲ್ಲೇ ನಿಂತರು. ಏಳನೆಯ ಔಷಧವನ್ನು ಈಗಲೇ ಶುರು ಮಾಡುತ್ತಾರೆ, ಆದರೆ ಸೋಂಕು ಎದೆಗೆ ಇಳಿದಿದೆಯಂತೆ ಎಂದರು. ಆಮೇಲೆ ದನಿ ತಗ್ಗಿಸಿದರು.

“ಅಣ್ಣ, ಕ್ರಿಮಿ ಒಂದೇ ದಿನಕ್ಕೆ ಹೀಗಾಗಲ್ಲ. ಬೇರಿನೊಳಗೆ ಕೀವು ಹಾಗೇ ಬಿಟ್ಟು, ಯಾರೋ ಇವರಿಗೆ ಚೂರು ಚೂರೇ ಮಾತ್ರೆ ಕೊಟ್ಕೊಂಡು ಬಂದಿದಾರೆ. ಅರ್ಧ ಡೋಸು ಕೊಟ್ಟಾಗಲೆಲ್ಲ ಬಡಪಾಯಿ ಕ್ರಿಮಿ ಸಾಯುತ್ತೆ, ಗಟ್ಟಿ ಕ್ರಿಮಿ ಉಳ್ಕೊಂಡು ಕಲಿಯುತ್ತೆ. ಯಾವ ಅಂಗಡಿಯವನು ಕೊಟ್ನೋ, ನಿಮಗೇನಾದ್ರೂ ಗೊತ್ತಾ?”

“ಗೊತ್ತಿಲ್ಲ,” ಎಂದ ಕುಕ್ಕರ್.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಎರಡು ವರ್ಷ ಕೂತು ಆ ಕ್ರಿಮಿಗಳಿಗೆ ಪಾಠ ಹೇಳಿಕೊಟ್ಟಿದ್ದ. ಒಂದೂ ತಪ್ಪದೆ ಕಲಿತಿದ್ದವು.

ದೊಡ್ಡ ಆಸ್ಪತ್ರೆಯಲ್ಲಿ ಅತ್ತಿಗೆ ಐದು ದಿನ ಇದ್ದಳು. ಶನಿವಾರ ಮಧ್ಯಾಹ್ನದಿಂದ ಅವನು ಅಲ್ಲಿಂದ ಕದಲಲಿಲ್ಲ. ರಕ್ತ ಬೇಕೆಂದರೆ ರಕ್ತ ಕೊಟ್ಟ, ಇಂಜೆಕ್ಷನ್ ಸಿಗುವುದಿಲ್ಲವೆಂದರೆ ಊರೆಲ್ಲ ಅಲೆದು ತಂದ, ಬಾಗಿಲ ಕಾವಲಿನವನ ಜೊತೆ ಕೈಕೈ ಮಿಲಾಯಿಸುವಷ್ಟು ಜಗಳವಾಡಿ ಅಣ್ಣನನ್ನು ಒಳಗೆ ಬಿಡಿಸಿದ. ನೋಡಿದವರು ಮೈದುನ ಅಂದರೆ ಇಂಥವನಿರಬೇಕು ಎಂದರು. ಅಲ್ಲಿಯ ದೊಡ್ಡ ಡಾಕ್ಟರು ವರದಿ ನೋಡಿ, ಈ ಔಷಧ ಗುರುವಾರವೇ ಶುರುವಾಗಿದ್ದರೆ ಮಾತು ಬೇರೆ ಇತ್ತು ಎಂದರು. ಅಣ್ಣ ಪಕ್ಕದಲ್ಲೇ ನಿಂತಿದ್ದ. ಗುರುವಾರ ಏನಾಯಿತು ಎಂದು ತಮ್ಮನನ್ನು ಕೇಳಿದ. ಮೇಡಂ ತಟ್ಟೆ ಬಿಸಾಕಿಸಿದರು ಎಂದ ಕುಕ್ಕರ್. ಅದು ಸುಳ್ಳಲ್ಲ. ಅಲ್ಲಿಗೆ ನಿಲ್ಲಿಸಿದ.

ಬುಧವಾರ ಮಧ್ಯಾಹ್ನ ಅವಳು ತೀರಿಕೊಂಡಳು.

ಹದಿನೈದು ದಿನ ಕಳೆದ ಮೇಲೆ ಅಣ್ಣ ಒಂದು ಸಂಜೆ ತಾನಾಗಿ ತಮ್ಮನ ಮನೆಗೆ ಬಂದ. ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅಣ್ಣ ಬಹಳ ಹೊತ್ತು ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿ ಮಾಡಿದ. ಕುಕ್ಕರ್ ಇವತ್ತು ಹೇಳಿಬಿಡಬೇಕು ಎಂದುಕೊಂಡ. ಕ್ಯಾಪ್ಸೂಲಿನಿಂದ ಶುರುಮಾಡಿ ಆಟೋಕ್ಲೇವಿನವರೆಗೆ ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಅಣ್ಣನೇ ಮೊದಲು ಮಾತಾಡಿದ. “ಕೊನೇಲಿ ಅವಳು ಒಂದು ಚೀಟಿ ಬರ್ಕೊಟ್ಲು ಕಣೋ. ಮಾತಾಡಕ್ಕಾಗ್ತಿರ್ಲಿಲ್ವಲ್ಲ. ಅವನನ್ನ ಬೈಬೇಡಿ, ನಂಗೋಸ್ಕರ ಎಷ್ಟು ಓಡಾಡ್ತಿದಾನೆ ಅಂತ. ನಾನ್ಯಾಕೋ ನಿನ್ನ ಬೈತೀನಿ?” ಅವನ ಕಣ್ಣು ತುಂಬಿತ್ತು. ಅಣ್ಣನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. “ಹೆತ್ತ ಮಗನೂ ಇಷ್ಟು ಮಾಡಲ್ಲ. ಈ ಜನ್ಮದಲ್ಲಿ ನಿನ್ನ ಋಣ ತೀರಿಸಕ್ಕೆ ನನ್ನಿಂದಾಗಲ್ಲ.”

ಒಳಗಿನಿಂದ ಹೆಂಡತಿ ಇಬ್ಬರಿಗೂ ಟೀ ತಂದಿಟ್ಟಳು. ಕುಡಿದರು.

ಆಮೇಲೆ ಹತ್ತು ವರ್ಷ ಅಣ್ಣ ಆ ಮಾತನ್ನು ಬಿಡಲಿಲ್ಲ. ನೆಂಟರು ಸೇರಿದಲ್ಲಿ, ಬೀದಿಯವರು ಕೂತಲ್ಲಿ, ಇವನ ಹೆಗಲ ಮೇಲೆ ಕೈಯಿಟ್ಟು ಅದನ್ನೇ ಹೇಳುತ್ತಿದ್ದ. ಪ್ರತಿ ಸಲವೂ ಇವನು ಇವತ್ತು ಬೇಡ, ಇಷ್ಟು ಜನರೆದುರು ಬೇಡ, ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ. ಒಬ್ಬನೇ ಸಿಕ್ಕಾಗ ಮೇಡಂ ಬರೆಸಿಕೊಂಡ ಕಾಗದದ ಮಾತು ತೆಗೆದು ಸಿಟ್ಟಾಗುತ್ತಿದ್ದ, ಅಣ್ಣ ಸಮಾಧಾನ ಮಾಡುತ್ತಿದ್ದ. ಹೋದ ವರ್ಷ ಅಣ್ಣನೂ ಹೋದ. ತಾನೇ ತಮ್ಮನಿಗೆ ಋಣಿ ಎಂದು ನಂಬಿಕೊಂಡೇ ಹೋದ.